ಎಣ್ಣೆ ಬಟ್ಟಲು ಖಾಲಿ ಇದ್ದರೆ

ನಮ್ಮ ಹೋಟೆಲ್ಲಿನ ಅಡುಗೆಮನೆಗೆ ಬೆಳಿಗ್ಗೆ ಕಾಲಿಟ್ಟೊಡನೆ ನಾನು ಇಣುಕಿ ನೋಡುವುದು ಎಕ್ಸಾಸ್ಟ್ ಹುಡ್ಡಿನ ಮೂಲೆಯಲ್ಲಿ ಸಿಕ್ಕಿಸಿರುವ ಎಣ್ಣೆ ಬಟ್ಟಲನ್ನು. ಹಿಂದಿನ ದಿನದ ಜಿಡ್ಡು ಅದರಲ್ಲಿ ಇಳಿದಿದ್ದರೆ ನೆಮ್ಮದಿ. ಖಾಲಿ ಇದ್ದರೆ ತಲೆಬಿಸಿ ಶುರು. ರಾತ್ರಿ ಹನ್ನೊಂದರವರೆಗೆ ಗೋಬಿ ಮಂಚೂರಿ ಕರಿದಿದ್ದಾರೆ, ಎಣ್ಣೆ ಹೊಗೆಯಾಗಿ ಮೇಲೆದ್ದಿದೆ. ಬಟ್ಟಲಿಗೆ ಬರಲಿಲ್ಲವೆಂದರೆ ಹೋಯಿತೆಲ್ಲಿಗೆ? ಒಂದೋ ಡಕ್ಟಿನ ಒಳಮೈಗೆ ಹತ್ತಿದೆ, ಇಲ್ಲವೇ ಬ್ಲೋವರ್ ಎಳೆಯದೆ ಸೂರಿಗೇ ಅಂಟಿದೆ.

ಬೆಂಗಳೂರಿನ ಹೋಟೆಲ್ಲುಗಳಲ್ಲಿ ಫಿಲ್ಟರು ಫಳಫಳ ಹೊಳೆಯುತ್ತಿದ್ದರೆ ಮಾಲೀಕರಿಗೆ ಖುಷಿ. ಉರಿಯುವ ಬಾಣಲೆಯ ಮೇಲೆ ಮೂರು ದಿನವಾದರೂ ಹೊಳೆಯುತ್ತಲೇ ಇರುವ ಫಿಲ್ಟರನ್ನು ಕಂಡರೆ ನನಗೆ ಅನುಮಾನ. ಸ್ಟೀಲಿನ ಬ್ಯಾಫಲ್ ಫಿಲ್ಟರಿನಲ್ಲಿ ಮಡಚಿದ ಪಟ್ಟಿಗಳು ಎದುರುಬದುರಾಗಿ ಇರುತ್ತವೆ. ಹೊಗೆ ಅವುಗಳ ನಡುವೆ ಅಂಕುಡೊಂಕಾಗಿ ನುಗ್ಗಬೇಕು. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ತಿರುಗಿದರೂ ನಿಂತ ಪ್ರಯಾಣಿಕ ನೇರ ಹೋಗಿ ಕಿಟಕಿಗೆ ಒರಗುವ ಹಾಗೆ, ಗಾಳಿ ತಿರುಗಿದರೂ ಎಣ್ಣೆಯ ಹನಿ ತಿರುಗಲಾರದೆ ಪಟ್ಟಿಗೆ ಬಡಿದು ಕೆಳಗಿನ ಬಟ್ಟಲಿಗೆ ಇಳಿಯುತ್ತದೆ. ತೀರಾ ಸಣ್ಣ ಹನಿ ಮತ್ತು ಆವಿ ತಪ್ಪಿಸಿಕೊಂಡೇ ಹೋಗುತ್ತವೆ. ಹಾಗಾಗಿ ಫಿಲ್ಟರು ಎಷ್ಟೇ ಒಳ್ಳೆಯದಿರಲಿ, ಡಕ್ಟು ತೊಳೆಯುವ ಕೆಲಸ ತಪ್ಪದು.

ಮನೆಯ ಚಿಮಣಿಯಲ್ಲಿರುವಂಥ ಅಲ್ಯೂಮಿನಿಯಂ ಜಾಲರಿಯನ್ನು ಹೋಟೆಲ್ಲಿಗೆ ಹಾಕಿಸುವವರು ಈಗಲೂ ಇದ್ದಾರೆ. ಜಾಲರಿ ಎಣ್ಣೆಯನ್ನು ಹಿಡಿಯುತ್ತದೆ, ಇಳಿಸುವುದಿಲ್ಲ. ಕೆಳಗೆ ಬಾಣಲೆಯಿಂದ ಉರಿ ಎದ್ದರೆ ಆ ಎಣ್ಣೆಯೇ ಸೌದೆ. ಅಡುಗೆ ಎಣ್ಣೆ 350 ಡಿಗ್ರಿ ಸೆಲ್ಸಿಯಸ್ಸಿನ ಆಚೀಚೆ ಕಿಡಿ ತಾಗದೆಯೂ ಹೊತ್ತಿಕೊಳ್ಳಬಲ್ಲದು. ಅಮೆರಿಕದ ಅಗ್ನಿಸುರಕ್ಷತೆಯ ಎನ್‌ಎಫ್‌ಪಿಎ 96 ನಿಯಮಾವಳಿ, ಫಿಲ್ಟರು ಕನಿಷ್ಠ 45 ಡಿಗ್ರಿ ಓರೆಯಾಗಿರಬೇಕು ಎನ್ನುವುದೂ ಎಣ್ಣೆ ನಿಲ್ಲದೆ ಜಾರಿ ಹೋಗಲಿ ಎಂದೇ.

ಒಮ್ಮೆ ಚೈನೀಸ್ ಸೆಕ್ಷನ್ನಿನ ಬಟ್ಟಲು ವಾರವಿಡೀ ಒಣಗಿತ್ತು. ಟಾರ್ಚ್ ಹಿಡಿದು ನೋಡಿದರೆ ಒಂದು ಫಿಲ್ಟರಿನ ಮೂಲೆ ಜಜ್ಜಿ, ಪಕ್ಕದ್ದಕ್ಕೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಸಂದು. ಗಾಳಿಗೆ ಸಲೀಸಾದ ದಾರಿ ಸಿಕ್ಕಿದ ಮೇಲೆ ಪಟ್ಟಿಗಳ ನಡುವೆ ಯಾಕೆ ನುಸುಳೀತು? ಡಕ್ಟಿನ ಬಾಗಿಲು ಬಿಚ್ಚಿಸಿದೆ. ವರ್ಷದ ಕಾಂಟ್ರಾಕ್ಟ್ ಪಡೆದ ಕ್ಲೀನಿಂಗ್ ಕಂಪನಿಯವರು ಕೈಗೆಟುಕುವಷ್ಟು ದೂರ ಒರೆಸಿ ಬಿಲ್ ಕೊಟ್ಟಿದ್ದರು. ಅದರಾಚೆ ಕಂದು ಬಣ್ಣದ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಗಾರೆ ಕೆಲಸದವರ ಕರಣೆಯಲ್ಲಿ ಕೆರೆದು ತೆಗೆಯಬೇಕಾಯಿತು. ಅಂದಿನಿಂದ ಡಕ್ಟಿನ ಬಾಗಿಲು ನನ್ನೆದುರಿಗೆ ತೆರೆಯದೆ ಬಿಲ್ಲಿಗೆ ಸಹಿ ಹಾಕುವುದಿಲ್ಲ.

ಒಲೆಗೊಂದು ಲೆಕ್ಕ. ಚೈನೀಸ್ ಬಾಣಲೆ ಮೇಲಿನ ಫಿಲ್ಟರಿಗೆ ದಿನಾ ರಾತ್ರಿ ಸ್ನಾನ. ದೋಸೆ ಕಾವಲಿಯದು ವಾರಕ್ಕೆರಡು ಸಲ ಸಾಕು. ಆದರೆ ಡಿಸೆಂಬರಿನ ಚಳಿಗೆ ತುಪ್ಪ, ಡಾಲ್ಡಾ ಪಟ್ಟಿಗಳಲ್ಲೇ ಹೆಪ್ಪುಗಟ್ಟುವುದರಿಂದ ಬೆಳಿಗ್ಗೆ ಬಟ್ಟಲು ಖಾಲಿ ಕಂಡರೆ ಗಾಬರಿ ಬೇಡ, ಕಾವಲಿ ಕಾದು ಸ್ವಲ್ಪ ಹೊತ್ತಾದ ಮೇಲೆ ನೋಡಬೇಕು. ಇಡ್ಲಿ ಸ್ಟೀಮರಿನ ಮೇಲೆ ಬರೀ ನೀರು. ತಂದೂರಿನದ್ದು ಬೇರೆಯೇ ರಗಳೆ, ಇದ್ದಿಲ ಮಸಿಗೆ ಬೆಣ್ಣೆ ಸೇರಿ ಡಾಂಬರಾಗುತ್ತದೆ.

ಸ್ಟೀಲಿನ ಫಿಲ್ಟರು ತೊಳೆಯಲು ಕುದಿನೀರು, ವಾಷಿಂಗ್ ಸೋಡಾ, ನೆನೆಯಲು ಸಮಯ ಸಾಕು. ಅಲ್ಯೂಮಿನಿಯಂ ಆದರೆ ಕಾಸ್ಟಿಕ್ ಸೋಡಾ ಹತ್ತಿರವೂ ತರಬಾರದು. ಅದು ಲೋಹವನ್ನೇ ತಿನ್ನುತ್ತದೆ, ಹೈಡ್ರೋಜನ್ ಬಿಡುತ್ತದೆ. ಸ್ಟೀಲಿಗೆ ಬ್ಲೀಚಿಂಗ್ ಆಗದು, ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ. ಒದ್ದೆ ಫಿಲ್ಟರನ್ನು ಕರಿಯುವ ಬಾಣಲೆಯ ಮೇಲೆ ಸಿಕ್ಕಿಸಿದರೆ ನೀರಿನ ಹನಿ ಬಿದ್ದು ಎಣ್ಣೆ ಸಿಡಿಯುತ್ತದೆ, ಹೀಗಾಗಿ ಎರಡನೇ ಸೆಟ್ ಇಟ್ಟುಕೊಳ್ಳಲೇಬೇಕು.

ಹೊಸದಾಗಿ ಸೇರಿದ ಹುಡುಗ ಪಟ್ಟಿಗಳು ಅಡ್ಡಡ್ಡ ಬರುವಂತೆ ಫಿಲ್ಟರು ಕೂರಿಸಿದ್ದ. ‘ಹಂಗಲ್ಲಪ್ಪ’ ಎಂದೆ. ‘ಹೆಂಗಿಟ್ರೂ ಕೂರುತ್ತಲ್ಲ ಸಾರ್’ ಎಂದ. ಚೌಕದ್ದು, ಕೂರುತ್ತದೆ ನಿಜ. ಫಿಲ್ಟರು ಇಳಿಸಿ ಓರೆಯಾಗಿ ಹಿಡಿದು, ಸೌಟಿನಲ್ಲಿ ನೀರು ಹುಯ್ಯಲು ಹೇಳಿದೆ. ಪಟ್ಟಿ ಅಡ್ಡ ಇದ್ದಾಗ ನೀರು ಮಡಿಕೆಗಳಲ್ಲೇ ನಿಂತಿತು. ಉದ್ದಕ್ಕೆ ತಿರುಗಿಸಿದಾಗ ಸರ್ರನೆ ಜಾರಿ ಅಂಚಿನ ತೂತುಗಳಿಂದ ಅವನ ಚಪ್ಪಲಿ ಮೇಲೆ ಬಿತ್ತು. ಈಗ ಮಿಕ್ಕವರಿಗೆ ಅವನೇ ಪಾಠ ಹೇಳುತ್ತಾನೆ, ಸೌಟು ಸಮೇತ.

ಎಲ್ಲ ಸರಿಯಿದ್ದೂ ಹೊಗೆ ಎಳೆಯದಿದ್ದರೆ ಕಿಟಕಿ ನೋಡಿ. ಎ.ಸಿ. ಹಾಲ್ ಮಾಡಿಸಿದ ಮೇಲೆ ನಮ್ಮಲ್ಲಿ ಅಡುಗೆಮನೆಯ ಕಿಟಕಿಗಳನ್ನೂ ಮುಚ್ಚಿದರು. ಹೊರಗಿಂದ ಗಾಳಿ ಬಾರದೆ ಬ್ಲೋವರ್ ಎಳೆಯುವುದೇನನ್ನು? ಒಗ್ಗರಣೆ ಘಾಟು ಹಾಲಿಗೆ ನುಗ್ಗಿತು, ಬೈಗುಳ ಫಿಲ್ಟರಿಗೆ ಬಿತ್ತು. ದೇವರ ಪಟದ ಮುಂದಿನ ಊದುಬತ್ತಿಯನ್ನು ಹುಡ್ಡಿನ ಅಂಚಿಗೆ ಹಿಡಿದೆ. ಹೊಗೆ ಅಲ್ಲೇ ಸುತ್ತಾಡಿತು. ‘ಭಟ್ರೇ, ಆ ಹಿಂದಿನ ಕಿಟಕಿ ತೆಗೀರಿ’ ಎಂದೆ. ತೆಗೆದದ್ದೇ ತಡ, ಹೊಗೆ ಗೆರೆ ಎಳೆದಂತೆ ಒಳಗೆ ಹೋಯಿತು.

ಬಟ್ಟಲಿನ ಜಿಡ್ಡನ್ನು ಮುಚ್ಚಳವಿರುವ ಡಬ್ಬಕ್ಕೆ ತುಂಬಿ ಬೇರೆಯೇ ಇಡುತ್ತೇವೆ. ಕರಿದುಳಿದ ಎಣ್ಣೆಯನ್ನು ಬಯೋಡೀಸೆಲ್‌ನವರು ಕೊಂಡೊಯ್ಯುತ್ತಾರೆ, ಇದನ್ನು ಅದಕ್ಕೆ ಬೆರೆಸಿದರೆ ತಕರಾರು. ಸಿಂಕಿಗೆ ಸುರಿಯುವವರಿದ್ದಾರೆ. ಅಂಥ ಕಡೆ ಚೇಂಬರ್ ಕಟ್ಟಿ, ಊಟದ ಹೊತ್ತಿಗೇ ನೀರು ಮೇಲೆ ಬಂದು, ಬಿಡಿಸಲು ಬಂದವನು ಕೇಳಿದಷ್ಟು ಕೊಡಬೇಕಾಗುತ್ತದೆ.