ಇಂಜೆಕ್ಷನ್ ಕೊಟ್ಟ ಹಸುವಿನ ಹಾಲು ಕ್ಯಾನಿಗೆ ಬೇಡ

ಹೈನುಗಾರ್ತಿ ಅಕ್ಕಂದಿರೇ,

ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟು ಹೊರಡುವಾಗ ನೀವು ಕೇಳುವುದು ಒಂದೇ: "ಡಾಕ್ಟ್ರೇ, ಸಂಜೆ ಹಾಲು ಡೇರಿಗೆ ಹಾಕಬಹುದಾ?" ಬೇಡ ಎಂದರೆ ಮುಖ ಬಾಡುತ್ತದೆ. 10 ಲೀಟರ್ ಕೊಡುವ ಹಸುವಿನ ಹಾಲನ್ನು 4 ದಿನ ತಡೆದರೆ 40 ಲೀಟರ್. ಬಟವಾಡೆಯಲ್ಲಿ ಆ ದುಡ್ಡು ಬರುವುದಿಲ್ಲ. ಅದು ಸಣ್ಣ ನಷ್ಟವೆಂದು ನಾನು ಹೇಳಲಾರೆ.

ಆದರೆ ಡೇರಿಯ ಟ್ಯಾಂಕಿನಲ್ಲಿ ನಿಮ್ಮ ಹಾಲು ಊರಿನವರ ಹಾಲಿನೊಂದಿಗೆ ಬೆರೆಯುತ್ತದೆ. ಆಂಟಿಬಯೋಟಿಕ್ ಅಂಶ ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂರದು. ಕುಡಿದ ಕೆಲವರಿಗೆ ಅಲರ್ಜಿಯೂ ಆದೀತು. ಪರೀಕ್ಷೆಯಲ್ಲಿ ಸಿಕ್ಕಿದರೆ ಎಲ್ಲರ ಹಾಲೂ ವಾಪಸ್.

ಎಷ್ಟು ದಿನ ತಡೆಯಬೇಕು? ಅದು ಔಷಧಿಯಿಂದ ಔಷಧಿಗೆ ಬೇರೆ. ಕೊನೆಯ ಡೋಸಿನಿಂದ ಎಣಿಸಿ, ಮೊದಲನೆಯದರಿಂದಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ. ವೈದ್ಯರಿಂದ ತಾರೀಖು ಬರೆಸಿಕೊಂಡು ಕೊಟ್ಟಿಗೆಯ ಗೋಡೆಗೆ ಅಂಟಿಸಿ. ಒಂದೇ ಮೊಲೆಗೆ ಟ್ಯೂಬ್ ಏರಿಸಿದ್ದರೂ ನಾಲ್ಕರ ಹಾಲೂ ಬೇಡ. ಕರುವಿಗೂ ಕುಡಿಸಬೇಡಿ.

ಹಿಂಡಿಯಂತೆ ಇದೂ ಹೈನುಗಾರಿಕೆಯ ಖರ್ಚೇ. ಪ್ರತಿ ಬಟವಾಡೆಯಲ್ಲೂ ಇದಕ್ಕೆಂದು ಸ್ವಲ್ಪ ತೆಗೆದಿಡಿ. ಖರ್ಚು ಕಡಿಮೆ ಮಾಡುವ ದಾರಿಯೂ ಇದೆ. ಕರೆಯುವ ಮೊದಲು ಪ್ರತಿ ಮೊಲೆಯ ಎರಡು ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿ ನೋಡಿ. ಗರಣೆ ಕಂಡರೆ ಅಂದೇ ಫೋನ್ ಮಾಡಿ, ನಾಳೆಗೆ ಬಿಡಬೇಡಿ. ಕರೆದ ಮೇಲೆ ಮೇವು ಹಾಕಿ. ಹಸು ಅರ್ಧ ಗಂಟೆ ನಿಂತೇ ಇದ್ದರೆ ತೆರೆದ ಮೊಲೆರಂಧ್ರ ಮುಚ್ಚಿಕೊಳ್ಳುತ್ತದೆ. ಬಾವು ಬಂದ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.