ಕರ್ಚೀಫಿನ ಮೇಲೆ ಬರೆದ ಚಿತ್ರಗಳು

ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಪರಪ್ಪನ ಅಗ್ರಹಾರದಲ್ಲಿ ಸೆಂಟ್ರಲ್ ಜೈಲು ಇರುವುದು ನಿಮಗೆಲ್ಲ ಗೊತ್ತು. ಅಲ್ಲಿ ಕೈದಿಗಳು ನೇಯ್ಗೆ, ಮರಗೆಲಸ, ಬೇಕರಿ ಕೆಲಸ ಮಾಡುತ್ತಾರೆ. ಅಮೆರಿಕದ ಜೈಲುಗಳಲ್ಲಿ ಕೈದಿಗಳೇ ಬೆಳೆಸಿದ ಒಂದು ಜನಪದ ಕಲೆ ಇದೆ. ಅದರ ಹೆಸರು ‘ಪಾನ್ಯೊ’. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಬಟ್ಟೆ.

ನ್ಯೂ ಮೆಕ್ಸಿಕೊ, ಕ್ಯಾಲಿಫೋರ್ನಿಯಾ ಸೀಮೆಗಳು ಮೊದಲು ಮೆಕ್ಸಿಕೊ ದೇಶಕ್ಕೆ ಸೇರಿದ್ದವು. ಯುದ್ಧ ಮುಗಿದು 1848ರಲ್ಲಿ ಅಮೆರಿಕದ ಪಾಲಾದವು. ಗಡಿ ಬದಲಾದರೂ ಅಲ್ಲಿದ್ದವರ ಮನೆಮಾತು ಸ್ಪ್ಯಾನಿಷ್ಷೇ ಉಳಿಯಿತು, ನಮ್ಮ ಕಾಸರಗೋಡಿನ ಕನ್ನಡಿಗರ ಹಾಗೆ. ಅಂಥ ಮನೆಗಳಿಂದ ಬಂದ ಕೈದಿಗಳ ಕಲೆ ಇದು. ಟೆಕ್ಸಾಸಿನ ಜೈಲುಗಳಲ್ಲೂ ಇದೆ.

ಬೇಕಾದದ್ದು ಒಂದು ಬಿಳಿ ಕರ್ಚೀಫು, ಒಂದು ಬಾಲ್ ಪೆನ್ನು. ಕರ್ಚೀಫು ಇಲ್ಲದಿದ್ದರೆ ಹಾಸಿಗೆಯ ಬಟ್ಟೆಯನ್ನೇ ಹರಿದುಕೊಳ್ಳುತ್ತಾರೆ. ಬಣ್ಣಕ್ಕೆ ಕಾಫಿಯನ್ನೂ ಬಳಸಿದ್ದಾರೆ ನೋಡಿ! ಬರೆಯುವುದು ಗ್ವಾದಲೂಪೆಯ ಮೇರಿ ಮಾತೆ, ಮುಳ್ಳಿನ ಕಿರೀಟದ ಯೇಸು, ಗುಲಾಬಿ, ಗಡಿಯಾರ, ಹೆಂಡತಿ ಮಕ್ಕಳ ಮುಖ. ಮಕ್ಕಳಿಗೆ ಕಳಿಸುವುದಾದರೆ ಮಿಕ್ಕಿ ಮೌಸ್. ಚೆನ್ನಾಗಿ ಬರೆಯಬಲ್ಲವನು ಬೇರೆಯವರಿಗೂ ಬರೆದುಕೊಟ್ಟು ಬದಲಿಗೆ ಸಾಮಾನು ಪಡೆಯುತ್ತಾನೆ. ಬಟ್ಟೆ ಮಡಚಿದರೆ ಕಾಗದದ ಜೊತೆ ಲಕೋಟೆಯೊಳಗೆ ಹಿಡಿಸುತ್ತದೆ. ಈಗ ಇವು ಮ್ಯೂಸಿಯಂಗಳಲ್ಲೂ ಇವೆ.

ಇದನ್ನು ಓದಿದ ನಮ್ಮ ತರಗತಿಯ ಒಬ್ಬ, ‘ತಪ್ಪು ಮಾಡಿದವರ ಚಿತ್ರಕ್ಕೆ ಗೋಡೆ ಪತ್ರಿಕೆಯಲ್ಲಿ ಇಷ್ಟು ಜಾಗ ಯಾಕೋ?’ ಅಂದ. ಕೇಳಬೇಕಾದ ಪ್ರಶ್ನೆಯೇ. ತಪ್ಪಿಗೆ ಶಿಕ್ಷೆ ಆಗಿದೆ, ಆಗಲಿ. ಆದರೆ ಮನೆಯಲ್ಲಿರುವ ಮಗು ಏನು ತಪ್ಪು ಮಾಡಿದೆ? ಅದಕ್ಕೊಂದು ಆಟದ ಸಾಮಾನು ತರೋಣವೆಂದರೆ ಜೈಲಿನಲ್ಲಿರುವ ಅಪ್ಪ ಸಂತೆಗೆ ಹೋಗೋಕಾಗುತ್ತಾ? ನನಗೆ ಮೇರಿ ಮಾತೆಗಿಂತ ಆ ಮಿಕ್ಕಿ ಮೌಸೇ ಹೆಚ್ಚು ಇಷ್ಟವಾಯಿತು.

ಇನ್ನು, ಬಾಲ್ ಪೆನ್ನೇ ಯಾಕೆ? ಇಂಕ್ ಪೆನ್ನಿನ ಶಾಯಿ ನೀರಿನದು. ಬತ್ತಿ ಎಣ್ಣೆ ಹೀರುವಂತೆ ನೂಲು ಅದನ್ನು ಹೀರಿಕೊಂಡು ಗೆರೆ ಹರಡಿಬಿಡುತ್ತದೆ. ಬಾಲ್ ಪೆನ್ನಿನ ಶಾಯಿ ಎಣ್ಣೆಯಂಥದ್ದು, ಮಂದ. ಅಷ್ಟು ಬೇಗ ಹರಡುವುದಿಲ್ಲ. ಆದ್ದರಿಂದಲೇ ಬಟ್ಟೆಯ ಮೇಲೂ ಕಣ್ಣಿನ ರೆಪ್ಪೆಯಷ್ಟು ಸಣ್ಣ ಗೆರೆ ಎಳೆಯಬಹುದು. ಬಟ್ಟೆಯನ್ನು ಮಾತ್ರ ಬಿಗಿಯಾಗಿ ಎಳೆದು ಹಿಡಿಯಬೇಕು, ಇಲ್ಲದಿದ್ದರೆ ಪೆನ್ನಿನ ಮೊನೆಗೆ ಸಿಕ್ಕಿ ಸುಕ್ಕಾಗುತ್ತದೆ. ರಬ್ಬರಿನಿಂದ ಅಳಿಸುವ ಹಾಗಿಲ್ಲ. ಎರಡೂ ಪೆನ್ನಿನಲ್ಲಿ ಒಂದೊಂದು ಗೆರೆ ಎಳೆದು ನೀವೇ ನೋಡಿ. ಹಳೆಯ ಬಟ್ಟೆಯನ್ನು ಅಮ್ಮನನ್ನು ಕೇಳಿ ತನ್ನಿ, ಆ ಕಲೆ ಸುಲಭವಾಗಿ ಹೋಗುವುದಿಲ್ಲ.