ಬೇಡ ಅಂದರೆ ಎದ್ದು ಬಾ

ಪುಟ್ಟಿ,

ಕಾಲೇಜಿನ ಎನ್‌ಎಸ್‌ಎಸ್ ಕಡೆಯಿಂದ ನಿಮ್ಮನ್ನು ಹಿರಿಯರ ವಸತಿ ಸಮುಚ್ಚಯವೊಂದಕ್ಕೆ ಹಾಕಿದ್ದಾರೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ವರ್ಷಕ್ಕೆ 120 ಗಂಟೆ ಸೇವೆ, ಎರಡು ವರ್ಷಕ್ಕೆ 240 ತುಂಬಿದರೆ ಸರ್ಟಿಫಿಕೇಟು. ಗಂಟೆ ಎಣಿಸುವುದರಲ್ಲಿ ತಪ್ಪೇನಿಲ್ಲ, ನಾವೂ ಇಲ್ಲಿ ಅದನ್ನೇ ಮಾಡುತ್ತಿದ್ದೇವೆ. ಮೈಸೂರಿನ ಇಂಥದೇ ಒಂದು ಜಾಗದಲ್ಲಿ ಇರುವವಳಾದ್ದರಿಂದ, ನೀನು ಹೋಗಿ ಕೂರುವ ಕುರ್ಚಿಯ ಎದುರಿನ ಕುರ್ಚಿ ನನ್ನದು. ಅಲ್ಲಿಂದ ಕಂಡದ್ದನ್ನು ಬರೆಯುತ್ತಿದ್ದೇನೆ. ನಿನ್ನ ಹಾಗೆ ಹೋಗುವ ಬೇರೆ ಮಕ್ಕಳೂ ಓದಲಿ ಅಂತ ಪತ್ರಿಕೆಗೇ ಕಳಿಸಿದೆ. ಹೆಸರು ಹಾಕಿಲ್ಲ, ಸಿಟ್ಟಾಗಬೇಡ.

ಇಲ್ಲಿ ಊಟಕ್ಕೆ, ಔಷಧಿಗೆ, ಡಾಕ್ಟರಿಗೆ ಕೊರತೆಯಿಲ್ಲ. ಆರೂವರೆಗೆ ಕಾಫಿ, ಎಂಟಕ್ಕೆ ತಿಂಡಿ, ರಾತ್ರಿ ಏಳೂವರೆಗೆಲ್ಲ ಊಟ. ಉಪ್ಪಿಟ್ಟು ಒಲ್ಲೆ ಅಂದರೆ ಅವತ್ತು ಬೇರೇನಿಲ್ಲ. ಟಿವಿಯಲ್ಲಿ ಯಾವ ಧಾರಾವಾಹಿ ಅನ್ನುವುದು ರಿಮೋಟ್ ಯಾರ ಕೈಲಿದೆಯೋ ಅವರಿಗೆ ಬಿಟ್ಟದ್ದು. ಸಕ್ಕರೆ ಬೇಡ ಅನ್ನುವವರು ಡಾಕ್ಟರು, ಸ್ಕೂಟರ್ ಬೇಡ ಅನ್ನುವವನು ಮಗ, ಒಬ್ಬರೇ ಗೇಟಿನಾಚೆ ಹೋಗಬೇಡಿ ಅನ್ನುವವನು ಸೆಕ್ಯುರಿಟಿ ಹುಡುಗ. ನಾವು ಬೇಡ ಅನ್ನೋಣವೆಂದರೆ ಕೇಳುವವರು ಯಾರು? ಕೆಲಸದ ಹುಡುಗಿಗೆ ಅಂದರೆ ಅವಳ ಕೆಲಸ ನಿಲ್ಲುತ್ತದೆ. ಮಕ್ಕಳಿಗೆ ಅಂದರೆ ಮುನಿಸು. ನೀನೊಬ್ಬಳು ಬರುತ್ತೀಯ, ಸಂಬಳವೂ ಇಲ್ಲ, ಸಂಬಂಧವೂ ಇಲ್ಲ. "ಇವತ್ತು ಬೇಡಮ್ಮ, ಹೋಗು" ಅಂತ ನಿನಗೆ ಮಾತ್ರ ಹೇಳಬಹುದು. ಹೇಳಿದರೆ ಮುಖ ಸಣ್ಣ ಮಾಡಿಕೊಳ್ಳದೆ ಎದ್ದು ಬಾ. ಮುಂದಿನ ಶನಿವಾರ ತಪ್ಪದೆ ಹೋಗು. ನೀನು ಹಾಡು, ಭಜನೆ, ರಂಗೋಲಿ ಸ್ಪರ್ಧೆ ಅಂತ ಏನೇನು ಹಾಕಿಕೊಂಡು ಹೋದರೂ, ಹೀಗೆ ಎದ್ದು ಬಂದು ಮತ್ತೆ ಹೋಗುವುದಕ್ಕಿಂತ ದೊಡ್ಡ ಸೇವೆ ನನಗೆ ಕಂಡಿಲ್ಲ. (ಭಜನೆ ಎಲ್ಲರಿಗೂ ಬೇಕು ಅನ್ನುವುದು ನಿಮ್ಮ ಕಡೆಯವರ ಭ್ರಮೆ. ನಮ್ಮಲ್ಲಿ ಅರ್ಧ ಜನಕ್ಕೆ ಕ್ರಿಕೆಟ್ ಸ್ಕೋರ್ ಬೇಕು.)

ಹುಟ್ಟುಹಬ್ಬದ ಊಟದ ವಿಷಯ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮಂಥ ದುಡ್ಡು ಕಟ್ಟುವ ಜಾಗಗಳಲ್ಲಿ ಇದು ಕಮ್ಮಿ, ದಾನದ ಮೇಲೆ ನಡೆಯುವ ವೃದ್ಧಾಶ್ರಮಗಳಲ್ಲಿ ಹೆಚ್ಚು. ಮಗುವಿನ ಹುಟ್ಟುಹಬ್ಬಕ್ಕೋ, ಅಪ್ಪನ ತಿಥಿಗೋ ಒಂದು ಸಂಸಾರ ಊಟ ಹಾಕಿಸುತ್ತದೆ. ಒಳ್ಳೆಯದೇ, ಎಷ್ಟೋ ಆಶ್ರಮಗಳ ಒಲೆ ಉರಿಯುವುದು ಹೀಗೆ. ಆದರೆ ಟ್ರಾಫಿಕ್ಕಿನಲ್ಲಿ ಅವರು ಬರುವ ಹೊತ್ತಿಗೆ ಒಂದೂವರೆ. ಊಟಕ್ಕೆ ಮುಂಚಿನ ಇನ್ಸುಲಿನ್ ಚುಚ್ಚಿಸಿಕೊಂಡವರು ಅಲ್ಲಿಯವರೆಗೆ ಕೂತರೆ ಸಕ್ಕರೆ ಕುಸಿದು ಬೆವರು, ಕೈನಡುಕ. ಆಮೇಲೆ ಅವರಿಗೇ ಜಿಲೇಬಿ. ಸಾಲದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಬೇಕು, ಫೋಟೋಕ್ಕೆ ನಿಲ್ಲಬೇಕು. ಊರಿನವರಿಗೆಲ್ಲ "ಮಗಳ ಮನೇಲಿದ್ದೀನಿ" ಅಂತ ಹೇಳಿಕೊಂಡವರು ಆ ಸಾಲಿನಲ್ಲಿ ಇರುತ್ತಾರೆ, ಪುಟ್ಟಿ. ಆ ಫೋಟೋ ಸಂಜೆಯೊಳಗೆ ವಾಟ್ಸ್ಆ್ಯಪ್‌ನಲ್ಲಿ ಊರು ಸೇರುತ್ತದೆ. ನಿಮ್ಮ ಕಾಲೇಜಿನ ವರದಿಗೂ ಫೋಟೋ ಬೇಕಾಗುತ್ತದೆ, ಗೊತ್ತು. ಒಬ್ಬೊಬ್ಬರನ್ನೇ ಬೇರೆಬೇರೆ ಕೇಳು, ಗುಂಪಿನಲ್ಲಿ ಕೇಳಬೇಡ. ಗುಂಪಿನಲ್ಲಿ ಯಾರೂ ಬೇಡ ಅನ್ನುವುದಿಲ್ಲ.

ಕಿವಿಯ ಮಾತು ಸ್ವಲ್ಪ. ವಯಸ್ಸಾದಂತೆ ಮೊದಲು ಹೋಗುವುದು ಸಣ್ಣ, ತೀಕ್ಷ್ಣ ಸ್ವರಗಳನ್ನು ಹಿಡಿಯುವ ಶಕ್ತಿ. ಸ, ಶ, ತ ಥರದ ಅಕ್ಷರಗಳು ತಪ್ಪಿಹೋಗುತ್ತವೆ. ನಿನ್ನಂಥ ಹುಡುಗಿಯರ ದನಿ ಗಂಡಸರ ದನಿಗಿಂತ ಕಷ್ಟ. ಕೂಗಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಟಿವಿ ಆರಿಸಿ, ಬೆಳಕು ನಿನ್ನ ಮುಖದ ಮೇಲೆ ಬೀಳುವ ಹಾಗೆ ಎದುರಿಗೆ ಕೂತು, ಶ್ರುತಿ ಇಳಿಸಿ ನಿಧಾನವಾಗಿ ಹೇಳು. ನಡೆಸಿಕೊಂಡು ಹೋಗುವಾಗ ಅವರ ರಟ್ಟೆ ಹಿಡಿದು ಎಳೆಯಬೇಡ. ನಿನ್ನ ತೋಳು ಕೊಡು, ಬೇಕಾದರೆ ಅವರೇ ಹಿಡಿಯುತ್ತಾರೆ.

ಮರೆವಿನ ಕಾಯಿಲೆಯವರೂ ಸಿಗುತ್ತಾರೆ. ಬೆಳಗಿನ ತಿಂಡಿ ನೆನಪಿರುವುದಿಲ್ಲ, ಆದರೆ ಐವತ್ತು ವರ್ಷದ ಹಿಂದಿನ ಮದುವೆಮನೆ ನೆನಪಿರುತ್ತದೆ. "ನಮ್ಮ ಯಜಮಾನರು ಊಟಕ್ಕೆ ಬಂದ್ರಾ?" ಅಂತ ಕೇಳಿದರೆ, ತೀರಿಕೊಂಡರಲ್ಲ ಅಂತ ತಿದ್ದಲು ಹೋಗಬೇಡ. ಪ್ರತಿ ಸಲ ಅವರಿಗೆ ಅದು ಹೊಸ ಸಾವು. ಯಜಮಾನರಿಗೆ ಯಾವ ಹುಳಿ ಇಷ್ಟ ಅಂತ ಕೇಳು, ಮಾತು ಅಲ್ಲಿಂದ ಬೇರೆ ದಾರಿ ಹಿಡಿಯುತ್ತದೆ.

ನವೆಂಬರ್‌ನಲ್ಲಿ ನಿನಗೆ ನಿಜವಾದ ಕೆಲಸ ಇದೆ. ಪಿಂಚಣಿದಾರರು ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡುವ ತಿಂಗಳು ಅದು. 2014ರಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಬೆರಳೊತ್ತಿದರೆ ಸಾಕು ಅಂದರು. ಪಾತ್ರೆ ತಿಕ್ಕಿ ಸವೆದ ಬೆರಳಿನ ಗೆರೆಗಳನ್ನು ಯಂತ್ರ ಒಪ್ಪಲಿಲ್ಲ. 2021ರಿಂದ ಫೋನಿನಲ್ಲೇ ಮುಖ ತೋರಿಸಿ ಮುಗಿಸಬಹುದು. ಆ ಆ್ಯಪ್ ಕಲಿತುಕೊಂಡು ಹೋಗು, ನಿನ್ನನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಒಟಿಪಿ ಬಂದರೆ ಅವರೇ ಓದಿ ಅವರೇ ಒತ್ತಲಿ, ಕಾಣದಿದ್ದರೆ ಅಕ್ಷರ ದೊಡ್ಡದು ಮಾಡಿಕೊಡು. ಪಿನ್ ಕೇಳಬೇಡ, ಹೇಳಿದರೂ ಬೇಡ ಅನ್ನು. ಯಾವ ವಿಲ್ಲಿಗೂ ಸಾಕ್ಷಿ ಹಾಕಬೇಡ. ಪ್ರೀತಿಯಿಂದ ಐನೂರರ ನೋಟು ಕೈಗೆ ತುರುಕುತ್ತಾರೆ, ತೆಗೆದುಕೊಳ್ಳಬೇಡ. ಚಕ್ಕುಲಿ ಕೊಟ್ಟರೆ ಮಾತ್ರ ತಿನ್ನು. ನಮಗೂ ಯಾರಿಗಾದರೂ ಕೊಡಬೇಕು ಅನ್ನಿಸುತ್ತದೆ.

ಮಗ ಮನೆ ಬರೆಸಿಕೊಂಡು ಹೊರಗೆ ಹಾಕಿದ ಅಂತ ಒಬ್ಬರಾದರೂ ಹೇಳಿ ಅಳುತ್ತಾರೆ. ನಿನಗೆ ರಕ್ತ ಕುದಿಯುತ್ತದೆ. ಆ ಮಗನಿಗೆ ಫೋನು ಮಾಡಲು ಹೋಗಬೇಡ. 2007ರ ಪಾಲಕರ ಪೋಷಣೆ ಕಾಯ್ದೆಯಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಲು ಅದರಲ್ಲಿ ಅವಕಾಶವಿದೆ. ನಮ್ಮ ರಾಜ್ಯದಲ್ಲಿ ಅರ್ಜಿ ಕೇಳುವವರು ಅಸಿಸ್ಟೆಂಟ್ ಕಮಿಷನರ್. 14567 ಹಿರಿಯರ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಇಷ್ಟು ತಿಳಿಸು. ಮಾಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಹೆಚ್ಚಿನವರು ಮಾಡುವುದಿಲ್ಲ, ಅವನ ಮಗುವಿಗೆ ಹಲ್ಲು ಬಂತಾ ಅಂತ ವಿಚಾರಿಸುತ್ತಾರೆ. ಅದು ನಿನಗೆ ಅರ್ಥವಾಗುವುದಿಲ್ಲ, ನನಗೂ ಪೂರ್ತಿ ಆಗಿಲ್ಲ.

ಪರೀಕ್ಷೆ ಬಂದಾಗ ಸುಮ್ಮನೆ ಮಾಯವಾಗಬೇಡ, ಇಂಥ ತಾರೀಕಿನವರೆಗೆ ಬರುವುದಿಲ್ಲ ಅಂತ ಹೇಳಿ ಹೋಗು. ಮಾತಿಗೆ ಬರದವರ ಮುಂದೆ ಚೌಕಾಬಾರದ ಮಣೆ ಇಡು. ಆಡಲು ಗೊತ್ತಿಲ್ಲದಿದ್ದರೆ ನಿಮ್ಮಮ್ಮನನ್ನು ಕೇಳು. ನಾಲ್ಕು ಕವಡೆ ಅಂಗಾತ ಬಿದ್ದರೂ ನಮಗೆ ಗೊತ್ತಾಗದ ಹಾಗೆ ಅಂಗೈಯಿಂದ ತಿರುಗಿಸಿ ಎಂಟು ಅನ್ನುತ್ತಿದ್ದವಳು ಅವಳು.

ನಿನ್ನ
ದೊಡ್ಡಮ್ಮ